ಕೆಂದಹಸುವಿನ ದವಡೆ

ನಮ್ಮ ಮನೆಯಲ್ಲಿ ಹಸು ಸತ್ತರೆ ತೋಟದಲ್ಲೇ, ಸೊರಗಿದ ತೆಂಗಿನ ಮರದ ಪಕ್ಕ ಹೂಳುವುದು. ನಾಲ್ಕು ವರ್ಷದ ಹಿಂದೆ ಕೆಂದಹಸುವನ್ನೂ ಹಾಗೇ ಹೂತಿದ್ದೆವು. ಅದರ ದವಡೆ ಬೇಕೆಂದು ಅಣ್ಣನ ಮಗಳು ಬಂದಾಗ ನಮ್ಮ ಯಜಮಾನರಿಗೆ ನಗು ಬಂತು.

ಅವಳು ಓದುತ್ತಿರುವುದು ಹಿಂದಿನ ಕಾಲದ ಮಳೆಯನ್ನು. ಈ ಸೀಮೆಯಲ್ಲಿ ಅಗೆದಾಗ ಸಿಕ್ಕಿದ ಬಹಳ ಹಳೆಯ ದನದ ಹಲ್ಲುಗಳನ್ನು ಕೊರೆದು, ಆ ಪುಡಿಯನ್ನು ಲ್ಯಾಬಿನಲ್ಲಿ ಪರೀಕ್ಷಿಸುತ್ತಾಳೆ. ಕರುವಾಗಿದ್ದಾಗ ಕುಡಿದ ನೀರಿನ ಗುರುತು ಹಲ್ಲಿನಲ್ಲಿ ಉಳಿಯುತ್ತದಂತೆ. ಆಗ ಮಳೆ ಚೆನ್ನಾಗಿತ್ತೋ ಕೈಕೊಟ್ಟಿತ್ತೋ ಅದರಿಂದ ತಿಳಿಯುತ್ತದಂತೆ. ಹೋಲಿಸಿ ನೋಡಲು ಇಲ್ಲಿನದೇ ಈಗಿನ ಹಸುವಿನ ಹಲ್ಲು ಬೇಕು. ಅದಿಲ್ಲದೆ ಪ್ರಬಂಧದ ಮುಖ್ಯ ಅಧ್ಯಾಯವನ್ನು ಒಪ್ಪುವುದಿಲ್ಲ ಎಂದಿದ್ದಾರೆ ಅವಳ ಗೈಡ್. ಪ್ರಬಂಧ ಸಲ್ಲಿಸಲು ಉಳಿದಿರುವುದು ಎರಡೇ ತಿಂಗಳು.

“ಬೇರು ಕಡಿದ್ರೆ ಮರ ಇನ್ನೂ ಸೊರಗ್ತದೆ ಕಣೇ. ಸತ್ತ ಮೇಲಾದ್ರೂ ಅದನ್ನ ನೆಮ್ಮದಿಯಾಗಿ ಬುಡು,” ಎಂದರು ಯಜಮಾನರು. ಆದರೂ ಹಾರೆ ತಂದರು. ಅರ್ಧ ದಿನ ಅಗೆದೆವು. ದವಡೆಯ ಸುತ್ತ ತೆಂಗಿನ ಬೇರು ಹೆಣೆದುಕೊಂಡಿತ್ತು; ಕುಡುಗೋಲಿನಿಂದ ಒಂದೊಂದೇ ಕೊಯ್ದು ಬಿಡಿಸಿದೆ.

ಜಗಲಿಯ ಮೇಲೆ ಅವಳು ನೋಟ್‌ಬುಕ್ ತೆರೆದು ಕೂತಳು. ಹುಟ್ಟಿದ್ದೆಲ್ಲಿ? ನಮ್ಮ ಕೊಟ್ಟಿಗೆಯಲ್ಲೇ, ಕಾರ್ತಿಕದ ಒಂದು ಸೋಮವಾರ. ಮೇವು? ರಾಗಿ ಹುಲ್ಲು, ಬದುವಿನ ಹಸಿ ಹುಲ್ಲು, ಹಿಂಡಿ. ಎಲ್ಲ ನೆನಪಿತ್ತು, ಹೆಮ್ಮೆಯಿಂದಲೇ ಹೇಳಿದೆ.

“ನೀರು, ಅತ್ತೆ?”

“ಬೋರ್‌ವೆಲ್ ನೀರು ಕಣವ್ವ. ಕೆರೆ ನೀರು ಒಂದಿನಾನೂ ಕುಡಿಸಿಲ್ಲ.”

ಅವಳ ಪೆನ್ನು ನಿಂತಿತು. “ಆಳದ ನೀರಲ್ಲಿ ಯಾವ್ಯಾವ ವರ್ಷದ ಮಳೆಯೋ ಸೇರಿರುತ್ತೆ. ಕೆರೆ ನೀರಾದ್ರೆ ಅದು ಕರುವಾಗಿದ್ದ ವರ್ಷದ ಮಳೆನೇ ಹಲ್ಲಲ್ಲಿ ಕಾಣ್ತಿತ್ತು, ಇದ್ರಲ್ಲಿ ಕಾಣಲ್ಲ. ನಾನು ಮೊದಲೇ ಕೇಳ್ಬೇಕಿತ್ತು ಅತ್ತೆ.”

ಕೇಳಬೇಕಿತ್ತು ನಿಜ, ಬೇರು ಕಡಿಯುವ ಮೊದಲೇ. ಮೈಯೆಲ್ಲ ಉರಿಯಿತು. ಬೈಯೋಣವೆಂದುಕೊಂಡವಳು ಅವಳ ಮುಖ ನೋಡಿ ಕಾಫಿಗಿಡಲು ಒಳಗೆ ಹೋದೆ.

ಮಾರನೇ ದಿನ ಇಬ್ಬರೂ ಊರೆಲ್ಲ ಸುತ್ತಿದೆವು. ಕೆರೆ ನೀರು ಕುಡಿದು ಬೆಳೆದು ಇಲ್ಲೇ ಸತ್ತ ದನ ಯಾರ ಮನೆಯದು? ಎಲ್ಲರದೂ ಬೋರ್‌ವೆಲ್. ಕೆಲವರದು ಸಂತೆಯಿಂದ ತಂದವು. ಕರುವಾಗಿದ್ದಾಗ ಎಲ್ಲಿದ್ದವೋ ಯಾರಿಗೂ ಗೊತ್ತಿಲ್ಲ.

“ಇದೇನಕ್ಕ, ಸತ್ತಿರೋ ದನಕ್ಕೆ ಗಂಡು ನೋಡಕ್ ಬಂದೋರಂಗೆ ಕುಲಗೋತ್ರ ಕೇಳ್ತೀಯಲ್ಲ,” ಎಂದಳು ಪಕ್ಕದ ಬೀದಿಯವಳು.

ಮನೆಗೆ ಬಂದು, ಕೊಟ್ಟಿಗೆಯಲ್ಲಿದ್ದ ಎಳೆಗರುವನ್ನು ತೋರಿಸಿ ಕೇಳಿದೆ: “ಇದಕ್ಕೆ ಇವತ್ತಿಂದ ಮಳೆ ನೀರೇ ಹಿಡಿದು ಕುಡಿಸ್ತೀನಿ. ಆಯ್ತದಾ?”

“ಎರಡು ವರ್ಷ ಕುಡಿಸ್ಬೇಕು. ಆಮೇಲೆ ಅದು ಸಾಯ್ಬೇಕು ಅತ್ತೆ.”

ಆ ಮಾತು ಅಲ್ಲಿಗೇ ಬಿಟ್ಟೆವು. ಸಂಜೆಯ ಬಸ್ ಹತ್ತುವಾಗ ಅವಳು, “ಆ ಅಧ್ಯಾಯ ಕೈಬಿಡ್ತೀನಿ,” ಎಂದಳು. ಬಸ್ ಹೋದ ಮೇಲೆ ನಾನು ದವಡೆಯನ್ನು ತೆಂಗಿನ ಬುಡದಲ್ಲೇ ಮತ್ತೆ ಹೂತೆ.