ಮಹಡಿ ಮೆಟ್ಟಿಲಿಗೆ ಹಾಕಿದ ಬೀಗ

ನಾನು ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದವನು. ಎಸ್ಸೆಸ್ಸೆಲ್ಸಿ ಪಾಸಾಗಿ ಸೇರಿದ ಆ ಕೆಲಸದಲ್ಲಿ ಕಲಿತದ್ದು ಒಂದೇ ವಿದ್ಯೆ: ಅನುಮಾನ ಬಂದರೆ ಮೊದಲು ಬೀಗ ಹಾಕು, ಆಮೇಲೆ ಯೋಚಿಸು. ಮನೆಯಲ್ಲೂ ಹಾಗೇ. ಇನ್ನು ಸಕ್ಕರೆ ಡಬ್ಬಿಯೊಂದೇ ಬಾಕಿ ಎಂದು ಹೆಂಡತಿ ನೆಂಟರ ಮುಂದೆ ಹೇಳುತ್ತಿದ್ದಳು.

ಬನಶಂಕರಿ ಎರಡನೇ ಹಂತದಲ್ಲಿ ಮನೆ ಕಟ್ಟಿಸಿ ಮಹಡಿಯನ್ನು ಬಾಡಿಗೆಗೆ ಕೊಟ್ಟಿದ್ದೆವು. ಬಂದವರು ಒಬ್ಬ ಸರ್ದಾರ್ಜಿ ಮತ್ತು ಅವರ ಹೆಂಡತಿ. ವಿಲ್ಸನ್ ಗಾರ್ಡನ್ನಿನಲ್ಲಿ ಅವರದು ಲಾರಿ ಬಿಡಿಭಾಗಗಳ ಅಂಗಡಿ. ಸರ್ದಾರ್ಜಿಗೆ ಕನ್ನಡ ನನ್ನನ್ನು ಗೇಲಿ ಮಾಡಲು ಸಾಕಾಗುವಷ್ಟು ಚೆನ್ನಾಗಿ ಬರುತ್ತಿತ್ತು. ಬೆಳಿಗ್ಗೆ ನಾನು ಒಂದೊಂದೇ ಬೀಗ ಜಗ್ಗಿ ನೋಡುತ್ತಿದ್ದರೆ ಬಾಲ್ಕನಿಯಿಂದ, ‘ಓನರ್ ಸಾಹೇಬ್ರೇ, ಹಂಗೇ ಬಸ್‌ಸ್ಟ್ಯಾಂಡಿಗೂ ಒಂದು ಹಾಕ್ಬಿಡಿ’ ಎನ್ನುವರು. ಅವರ ಹೆಂಡತಿ ಕರಿಬೇವೋ ಹೆಪ್ಪೋ ಬೇಕಾದಾಗ ಹಿತ್ತಿಲ ಬಾಗಿಲಿನಿಂದ ನೇರ ನಮ್ಮ ಅಡುಗೆಮನೆಗೇ ಬರುತ್ತಿದ್ದರು.

ಎಂಬತ್ತನಾಲ್ಕರ ಅಕ್ಟೋಬರ್ ಕೊನೆಯ ದಿನ ಪ್ರಧಾನಿಯವರನ್ನು ಅವರ ಕಾವಲಿನವರೇ ಗುಂಡಿಟ್ಟು ಕೊಂದರು. ಕೊಂದವರು ಸಿಖ್ಖರೆಂದು ತಿಳಿಯಿತು. ಮರುದಿನ ದೆಹಲಿಯಲ್ಲಿ ಸಿಖ್ಖರ ಮನೆಗಳಿಗೆ ಬೆಂಕಿ ಇಡುತ್ತಿದ್ದಾರೆ ಎಂಬ ಮಾತು ನಮ್ಮ ರಸ್ತೆಗೂ ಬಂತು. ಇಲ್ಲಿ ಅಂಗಡಿಗಳು ಮುಚ್ಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಆದರೆ ನನಗೆ ಅನುಮಾನ ಬಂತು. ಮಹಡಿ ಮೆಟ್ಟಿಲಿಗೆ ಕೆಳಗೊಂದು ಗ್ರಿಲ್ ಗೇಟಿತ್ತು. ಮೇಲೆ ಯಾರೂ ಇಲ್ಲವೆಂದು ಕಾಣಲಿ ಎಂದು ಅದಕ್ಕೆ ಹೊರಗಿನಿಂದ ದೊಡ್ಡ ಬೀಗ ಜಡಿದೆ. ಕೀಲಿಯನ್ನು ಜೇಬಿಗೆ ಹಾಕಿಕೊಂಡು ಟಿ.ವಿ. ಇದ್ದವರೊಬ್ಬರ ಮನೆಗೆ ಹೋಗಿ ಕೂತೆ. ಎಲ್ಲಿಗೆ ಹೋಗುತ್ತೇನೆಂದು ಹೆಂಡತಿಗೆ ಹೇಳಲಿಲ್ಲ. ಬೀಗ ಹಾಕಿದ್ದೇನೆಂದು ಮೇಲಿನವರಿಗೂ ಹೇಳಲಿಲ್ಲ. ಸ್ಟೋರಿನ ಸಾಮಾನಿಗೆ ಯಾರು ಹೇಳಿ ಬೀಗ ಹಾಕುತ್ತಾರೆ?

ಸಂಜೆ ನಾನು ಬಂದಾಗ ಸರ್ದಾರ್ಜಿ ಬಾಲ್ಕನಿಯಿಂದ ಹಗ್ಗ ಕಟ್ಟಿದ ಕೈಚೀಲ ಇಳಿಬಿಟ್ಟಿದ್ದರು. ನನ್ನ ಹೆಂಡತಿ ಅದರಲ್ಲಿ ಹಾಲಿನ ಪಾತ್ರೆ ಇಡುತ್ತಿದ್ದಳು. ನನ್ನನ್ನು ಕಂಡಿದ್ದೇ, ‘ಜನಾನ ಒಳಗಿಟ್ಟು ಬೀಗ ಹಾಕೋರನ್ನ ನಾನಂತೂ ನೋಡಿಲ್ಲ’ ಎಂದು ಶುರುಮಾಡಿದಳು. ಸರ್ದಾರ್ಜಿ ನನ್ನ ಪರ ವಹಿಸಿದರು. ‘ಬಿಡಿ ಅಕ್ಕಾ, ಸಾಹೇಬ್ರು ನಮ್ಮನ್ನ ಚಿನ್ನ ಅಂದ್ಕೊಂಡಿದಾರೆ.’

ಅವರ ಹೆಂಡತಿ ನಗಲಿಲ್ಲ. ಆಕೆಯ ಅಣ್ಣ ಇದ್ದದ್ದು ದೆಹಲಿಯಲ್ಲಿ. ಟ್ರಂಕ್ ಕಾಲ್ ಬುಕ್ ಮಾಡಲು ಹೋಗಬೇಕೆಂದು ಮಧ್ಯಾಹ್ನದಿಂದ ಗೇಟು ಅಲ್ಲಾಡಿಸಿದ್ದರಂತೆ. ನಾನು ಬೀಗ ತೆಗೆದೊಡನೆ ನನ್ನ ಮುಖ ನೋಡದೆ ಹೊರಟುಹೋದರು. ಲೈನು ಸಿಕ್ಕಿದ್ದು ಎಷ್ಟೋ ದಿನಗಳ ಮೇಲೆ. ಅಣ್ಣ ಬದುಕಿದ್ದರು. ಅವರ ಅಂಗಡಿ ಸುಟ್ಟುಹೋಗಿತ್ತು. ಜೀವ ಉಳಿಸಿಕೊಳ್ಳಲು ಧರ್ಮದ ಕಟ್ಟಳೆಯಂತೆ ಹುಟ್ಟಿದಂದಿನಿಂದ ಬಿಟ್ಟಿದ್ದ ಕೂದಲನ್ನು ಕತ್ತರಿಸಿಕೊಂಡಿದ್ದರು. ಆಮೇಲೆ ಆ ಮನುಷ್ಯ ಯಾರ ಮನೆಯ ಮದುವೆಗೂ ಹೋಗಲಿಲ್ಲವೆಂದು ಕೇಳಿದ್ದೇನೆ.

ರಸ್ತೆಯವರು ನನ್ನನ್ನು ಹೊಗಳಿದರು, ಬಾಡಿಗೆಯವರನ್ನು ಕಾಪಾಡಿದ ಪುಣ್ಯಾತ್ಮ ಎಂದು. ನಾನು ಅಲ್ಲವೆನ್ನಲಿಲ್ಲ. ನಿಜ ಬೇರೆ ಇತ್ತು. ಕೆಳಗಿನ ಕಿಟಕಿಗಳಿಗೆ ಆ ವರ್ಷವಷ್ಟೇ ಹೂವಿನ ಚಿತ್ತಾರದ ಗಾಜು ಹಾಕಿಸಿದ್ದೆ. ಪೇಟದವರು ಮಹಡಿಯಲ್ಲಿ ಕಂಡರೆ ಕಲ್ಲು ಬೀಳುವುದು ಕೆಳಗಿನ ಗಾಜಿಗೆ. ಅವತ್ತು ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ.

ಅವರು ಇನ್ನೂ ಕೆಲವು ವರ್ಷ ನಮ್ಮಲ್ಲೇ ಇದ್ದರು. ಸರ್ದಾರ್ಜಿಯ ಗೇಲಿ ನಿಲ್ಲಲಿಲ್ಲ. ನಾವು ಊರಿಗೆ ಹೊರಟಾಗಲೆಲ್ಲ, ‘ನಮ್ಮನ್ನ ಒಳಗಿಟ್ಟು ಹೋಗ್ತೀರೋ, ಹೊರಗಿಟ್ಟೋ?’ ಎಂದು ಕೇಳುವರು. ಅವರ ಹೆಂಡತಿ ಮಾತ್ರ ಹಿತ್ತಿಲಿನಿಂದ ಬರುವುದನ್ನು ಬಿಟ್ಟರು. ಒಂದು ಎಸಳು ಕರಿಬೇವಿಗೂ ಮುಂಬಾಗಿಲಿಗೆ ಬಂದು ಬೆಲ್ ಒತ್ತಿ, ತೆಗೆಯುವ ತನಕ ಹೊಸಿಲಾಚೆ ನಿಲ್ಲುತ್ತಿದ್ದರು. ಆ ಬೆಲ್ ಕೇಳಿದಾಗಲೆಲ್ಲ ನನಗೆ ಪೇಪರ್ ಓದಲು ಆಗುತ್ತಿರಲಿಲ್ಲ.

ದಶಕದ ಕೊನೆಗೆ ಅವರು ಜೆ.ಪಿ. ನಗರದಲ್ಲಿ ಸ್ವಂತ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ಹೋದಾಗ ಸರ್ದಾರ್ಜಿಯನ್ನು ಪಕ್ಕಕ್ಕೆ ಕರೆದು ಗಾಜಿನ ವಿಷಯ ಹೇಳಿಬಿಟ್ಟೆ. ಅವರು ಗಡ್ಡ ನೀವಿಕೊಂಡು, ‘ನನ್ನ ಹತ್ರ ಹೇಳಿದ್ರೆ ನಾನು ನಕ್ಕುಬಿಡ್ತೀನಿ. ಅಡುಗೆಮನೇಲಿ ಹೋಗಿ ಹೇಳಿ’ ಎಂದರು.

ಹೋದೆ. ಆಕೆ ಗೋಧಿ ಹಲ್ವ ಕೆದಕುತ್ತಿದ್ದರು. ನಾನು ತಡವರಿಸಿ ಹೇಳಿ ಮುಗಿಸುವವರೆಗೂ ಸೌಟು ನಿಲ್ಲಲಿಲ್ಲ.

‘ಗಾಜಿಗೋಸ್ಕರ ಅಂತ ಅವತ್ತೇ ಗೊತ್ತಾಯ್ತು ಅಣ್ಣಾ,’ ಎಂದರು. ‘ಹೆದರಿಕೆ ನಮಗೂ ಇತ್ತು. ನೀವು ಒಂದ್ಸಲ ಮೇಲೆ ಬಂದು ಕೇಳಿದ್ದಿದ್ರೆ, ನಮ್ಮ ಬೀಗಾನೇ ಕೊಟ್ಟು ಹಾಕಿ ಅಂತಿದ್ದೆ. ಫೋನ್ ಮಾಡ್ಬಿಟ್ಟು ಬಂದು ಒಳಗೆ ಕೂತ್ಕೋತಿದ್ದೆ.’

ಹಾಗಾದರೆ ಕ್ಷಮಿಸಿದ್ದೀರೋ ಇಲ್ಲವೋ ಎಂದು ಕೇಳಬೇಕೆಂದು ಬಾಯಿ ತೆರೆದೆ. ಆಕೆ ತುಪ್ಪ ಸೋರುವ ಹಲ್ವವನ್ನು ನನ್ನ ಎರಡೂ ಕೈ ತುಂಬ ಹಾಕಿ, ಬಿಸಿ ಇದೆ, ನೋಡಿಕೊಂಡು ತಿನ್ನಿ ಎಂದು ಮತ್ತೆ ಒಲೆಯ ಕಡೆ ತಿರುಗಿದರು.