ಅರಿಸಿನಕ್ಕೆ ನಿಂತ ಗುಂಡು

ನಮ್ಮ ವಿಜ್ಞಾನದ ಮೇಡಂ ಸೆರಗಿನ ತುದಿಯಲ್ಲಿ ಸದಾ ಒಂದು ಗಂಟಿರುತ್ತಿತ್ತು. ಬೇರೆ ಹೆಂಗಸರು ಅಲ್ಲಿ ಬೀಗದ ಕೈ ಕಟ್ಟಿಕೊಂಡರೆ ಇವರು ನೆಲ್ಲಿಕಾಯಿ ಗಾತ್ರದ ಉಕ್ಕಿನ ಗುಂಡು ಕಟ್ಟಿಕೊಳ್ಳುತ್ತಿದ್ದರು. ಯಾವುದೋ ಹಳೇ ಬೇರಿಂಗಿನಿಂದ ಕಳಚಿದ್ದು. ಅವರು ತರಗತಿಯಲ್ಲಿ ಸರಕ್ಕನೆ ತಿರುಗಿದರೆ ಅದು ಬೆಂಚಿನ ಕಾಲಿಗೆ ಠಣ್ಣನೆ ಬಡಿಯುತ್ತಿತ್ತು. ತೂಕಡಿಸುತ್ತಿದ್ದ ನಾವು ನೆಟ್ಟಗೆ ಕೂರುತ್ತಿದ್ದೆವು.

ತೊಂಬತ್ತರ ದಶಕದ ಭದ್ರಾವತಿ ಅದು. ಊರು ಏಳುತ್ತಿದ್ದದ್ದು, ಉಣ್ಣುತ್ತಿದ್ದದ್ದು ಕಾರ್ಖಾನೆಯ ಸೈರನ್ನಿಗೆ. ನಮ್ಮಪ್ಪ ಅಲ್ಲಿ ಫಿಟ್ಟರ್. ಪೂಜೆಯಾಗದೆ ಯಂತ್ರದ ಸ್ವಿಚ್ಚು ಒತ್ತುವ ಪದ್ಧತಿ ನಮ್ಮಲ್ಲಿರಲಿಲ್ಲ. ಮನೆಗೆ ಮಿಕ್ಸಿ ಬಂದರೂ ಮೊದಲು ಅರಿಸಿನ ಕುಂಕುಮ, ಆಮೇಲೆ ಚಟ್ನಿ. ಮೇಡಂ ಕೂಡ ಪ್ರಯೋಗಶಾಲೆಯ ತಕ್ಕಡಿಗೆ ಬೊಟ್ಟಿಟ್ಟೇ ತೂಕದ ಪಾಠ ಶುರುಮಾಡುತ್ತಿದ್ದರು. ಬೊಟ್ಟಿನ ತೂಕ ಕಳೆಯಬೇಕಾ ಎಂದು ನಾವು ರೇಗಿಸಿದರೆ, "ಕಳೀಲೇಬೇಕು ಕಣ್ರೇ. ಭಕ್ತಿ ಬೇರೆ, ಲೆಕ್ಕ ಬೇರೆ" ಅನ್ನುತ್ತಿದ್ದರು.

ನಾನು ಹತ್ತನೇ ತರಗತಿಯಲ್ಲಿದ್ದಾಗ ಶಿವಮೊಗ್ಗದಲ್ಲಿ ವಿಜ್ಞಾನ ಪ್ರದರ್ಶನವಿತ್ತು. ನನ್ನ ತಲೆಯಲ್ಲಿ ಬೇರೆಯದೇ ಚಿಂತೆ. ನಾನು ಆಸೆಪಟ್ಟಿದ್ದ ವಿಜ್ಞಾನದ ಕಾಲೇಜು ಶಿವಮೊಗ್ಗದಲ್ಲಿತ್ತು. ಅಪ್ಪನೋ, ದಿನಾ ಬಸ್ಸು ಹತ್ತಿಸಿ ಓದಿಸುವುದು ಬೇಡ, ಇಲ್ಲೇ ಟೈಪಿಂಗ್ ಕಲಿಯಲಿ ಎಂದು ಪಟ್ಟು ಹಿಡಿದಿದ್ದರು. ಅತ್ತೂ ಕರೆದೂ ಆಗಿತ್ತು. ಕೊನೆಗೆ ಮೇಡಂ ಒಂದು ಭಾನುವಾರ ನಮ್ಮ ಮನೆಗೇ ಬಂದು ಕೂತರು. ಕಾಫಿ ಕುಡಿದು ಲೋಟ ಕೆಳಗಿಟ್ಟು, "ನೋಡಿ, ಒಂದಿನ ರಜ ಹಾಕಿ ಶಿವಮೊಗ್ಗಕ್ಕೆ ಬನ್ನಿ. ಮಗಳು ಏನು ಮಾಡ್ತಾಳೆ ಕಣ್ಣಾರೆ ನೋಡಿ. ಆಮೇಲೂ ಬೇಡ ಅಂದ್ರೆ ನಾನು ಮತ್ತೆ ಬಾಯಿ ಬಿಡಲ್ಲ" ಎಂದರು. ಅಪ್ಪ ಹೂಂ ಅಂದರು.

ನಾವು ನಾಲ್ವರು ಹುಡುಗಿಯರು ಮಾಡಿದ್ದು ಒಂದಕ್ಕೊಂದು ತಗುಲಿ ನಡೆಯುವ ಯಂತ್ರ. ಸೀಳಿದ ಪೈಪಿನಲ್ಲಿ ಮೇಡಂ ಸೆರಗಿನ ಗುಂಡು ಉರುಳಬೇಕು. ಮರಳು ತುಂಬಿ ಸಾಲಾಗಿ ನಿಲ್ಲಿಸಿದ ಬೆಂಕಿಪೊಟ್ಟಣಗಳನ್ನು ಬೀಳಿಸಬೇಕು. ಕೊನೆಯ ಪೊಟ್ಟಣ ಅಡಿಪಟ್ಟಿಯ ಸನ್ನೆಯ ಮೇಲೆ ಬಿದ್ದು, ದಾರದ ರೀಲಿನ ರಾಟೆಗೆ ತೂಗುಬಿಟ್ಟ ತೂಕವನ್ನು ಕಳಚಬೇಕು. ತೂಕ ಇಳಿದರೆ ಗಂಟೆ ಹೊಡೆಯಬೇಕು. ಮೇಡಂ ಹಾಕಿದ್ದ ನಿಯಮ ಒಂದೇ. ಗುಂಡು ಬಿಟ್ಟ ಮೇಲೆ ಯಾರೂ ಕೈ ಹಾಕಕೂಡದು.

ಶಾಲೆಯಲ್ಲಿ ಅಭ್ಯಾಸ ಮಾಡುವಾಗ ಯಂತ್ರ ಒಮ್ಮೆಯೂ ತಪ್ಪದೆ ಗಂಟೆ ಹೊಡೆದೂ ಹೊಡೆದೂ ನಮಗೇ ಬೇಜಾರಾಗಿತ್ತು. ಶಿವಮೊಗ್ಗದಲ್ಲಿ ತೀರ್ಪುಗಾರರು ಬರುವ ಮುನ್ನ ಮೇಡಂ ಕಾಗದದ ಪೊಟ್ಟಣ ಬಿಚ್ಚಿ, ಅರಿಸಿನ ಕಲಸಿ, ಪೈಪಿನ ಅಂಚಿಗೆ ಬೊಟ್ಟಿಟ್ಟು ಕೈ ಮುಗಿದರು. ನಾವೂ ಮುಗಿದೆವು. ಅಪ್ಪ ಹಿಂದೆ ಕೈಕಟ್ಟಿ ನಿಂತಿದ್ದರು. ತೀರ್ಪುಗಾರರು ಬಂದು ನಿಂತ ಮೇಲೆ ನಾನು ಗುಂಡು ಬಿಟ್ಟೆ. ಅದು ಒಂದಷ್ಟು ದೂರ ಚೆನ್ನಾಗಿಯೇ ಉರುಳಿ, ಇಳಿಜಾರು ಕಮ್ಮಿಯಿದ್ದ ಕಡೆ ನಿಂತುಬಿಟ್ಟಿತು.

ಹೋಯಿತು, ಇನ್ನು ಟೈಪಿಂಗೇ ಗತಿ ಅಂದುಕೊಂಡೆ. ನನಗೇ ತಿಳಿಯದೆ ಬೆರಳು ಗುಂಡಿನ ಕಡೆ ಹೋಗಿತ್ತು. ಮೇಡಂ ಗಬಕ್ಕನೆ ನನ್ನ ಮಣಿಕಟ್ಟು ಹಿಡಿದರು.

"ತಳ್ಳಬೇಡ. ಯಾಕೆ ನಿಂತ್ಹೋಯ್ತು, ಹೇಳು."

ಬಗ್ಗಿ ನೋಡಿದೆ. ನೀರು ಹೆಚ್ಚಾಗಿದ್ದ ಅರಿಸಿನ ಅಂಚಿನಿಂದ ಒಳಗಿಳಿದು ಪೈಪಿನ ತಳದಲ್ಲಿ ಅಂಟಾಗಿ ಕೂತಿತ್ತು. ಮೊದಮೊದಲು ನಾಲಿಗೆ ತೊದಲಿತು. ಅಂಟು ಘರ್ಷಣೆ ಹೆಚ್ಚಿಸುತ್ತದೆ, ಘರ್ಷಣೆ ಗುಂಡಿನ ವೇಗ ಕಸಿಯುತ್ತದೆ, ಇಳಿಜಾರು ಹೆಚ್ಚಿದ್ದರೆ ದಾಟಿಬಿಡುತ್ತಿತ್ತು ಎಂದು ಹೇಳುತ್ತಾ ಹೇಳುತ್ತಾ ಭಯ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ತೀರ್ಪುಗಾರರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಆಮೇಲೆ ಮೇಡಂ, "ಅರಿಸಿನ ಹಚ್ಚಿದೋಳು ನಾನು ಸಾರ್. ಹುಡುಗೀರದೇನೂ ತಪ್ಪಿಲ್ಲ" ಎಂದು ಸೆರಗಿನಿಂದಲೇ ಪೈಪು ಒರೆಸಿದರು. ಎರಡನೇ ಸಲ ಗುಂಡು ಬಿಟ್ಟಾಗ ಗಂಟೆ ಹೊಡೆಯಿತು.

ಬಹುಮಾನ ಇನ್ಯಾವುದೋ ಶಾಲೆಯ ಜ್ವಾಲಾಮುಖಿಗೆ ಹೋಯಿತು, ಹೋಗಲಿ ಬಿಡಿ. ಅಪ್ಪ ಮಾತ್ರ ಮೇಡಂ ಹತ್ತಿರ ಬಂದು, "ಗ್ರೀಸ್ ಹಾಕೋ ಜಾಗಕ್ಕೆ ಅರಿಸಿನ ಹಾಕಿದ್ರಲ್ಲ ಮೇಡಂ" ಎಂದು ನಕ್ಕರು. ಮೇಡಂ ಹಳದಿಯಾದ ಸೆರಗು ಕೊಡವುತ್ತಾ, ಇನ್ನು ಮುಂದೆ ಬೊಟ್ಟು ಮೇಜಿನ ಕಾಲಿಗೆ, ದಾರಿಗೆ ಬೇಡ ಎಂದರು. ವಾಪಸು ಭದ್ರಾವತಿಯಲ್ಲಿ ಬಸ್ಸು ಇಳಿಯುವಾಗ ಅಪ್ಪ, "ಬಸ್ ಪಾಸಿಗೆ ಫೋಟೋ ಬೇಕಾಗುತ್ತೆ. ಸ್ಟುಡಿಯೋಗೆ ಹೋಗ್ಬಾ" ಎಂದರು.

ಆ ಪಾಸೇ ನನ್ನನ್ನು ಇಲ್ಲಿಯವರೆಗೆ ತಂದಿತು. ಈಗ ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನನ್ನ ವಿದ್ಯಾರ್ಥಿಗಳೂ ಅಂಥ ಯಂತ್ರ ಕಟ್ಟುತ್ತಾರೆ. ಬೊಟ್ಟು ಮೇಜಿನ ಕಾಲಿಗೆ.

ಮೇಡಂ ಹೋದ ವರ್ಷ ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೆ ಕಾಲೇಜಿಗೆ ಹೋದ ಮೊದಲ ದಿನವೇ ಪ್ರಯೋಗಶಾಲೆಯಲ್ಲಿ ಗುಂಡು ಅರ್ಧದಲ್ಲಿ ನಿಂತಿತು. ಒಬ್ಬಳು ತಳ್ಳಲು ಬೆರಳು ಚಾಚಿದಳು. ನಾನು ಅವಳ ಮಣಿಕಟ್ಟು ಹಿಡಿದೆ. ಹಿಡಿತ ನನ್ನದಾಗಿರಲಿಲ್ಲ, ಮೇಡಂದು. ಹುಡುಗಿ ನನ್ನ ಮುಖ ನೋಡಿದಳು, ಆಮೇಲೆ ತಾನಾಗಿಯೇ ಬಗ್ಗಿ ಪೈಪಿನೊಳಗೆ ಇಣುಕಿದಳು.

"ತಡೀರಿ ಮೇಡಂ, ಯಾಕೆ ಅಂತ ನಾನೇ ಹೇಳ್ತೀನಿ" ಎಂದಳು.