ತಂಗಿಗೆ ಬಡಿಸಿದ ಎಲೆ

ಸತ್ತವರು ಬಂದು ಉಂಡು ಹೋಗುತ್ತಾರೆ ಎಂಬುದನ್ನು ನಾನು ಯಾವತ್ತೂ ನಂಬಿದವನಲ್ಲ. ನಮ್ಮ ಕಡೆಯ ತುಳು ಮನೆಗಳಲ್ಲಿ ಒಂದು ಕ್ರಮವಿದೆ. ತೀರಿಹೋದವರಿಗೆ ಒಳಕೋಣೆಯಲ್ಲಿ ಬಾಳೆಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಮುಚ್ಚಿ ಮನೆಯವರೆಲ್ಲ ಹೊರಗೆ ಸುಮ್ಮನೆ ಕುಳಿತಿರುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿ ತೆರೆಯುತ್ತಾರೆ. ಅನ್ನ ಒಂದಿಷ್ಟು ಕದಲಿದ್ದರೆ ಹಿರಿಯರಿಗೆ ಸಮಾಧಾನ. ಇಲಿಯ ಕೆಲಸ ಇರಬೇಕು ಎಂದು ಹಿಂದೆ ಕುಳಿತು ನಗುತ್ತಿದ್ದವನು ನಾನು. ಈಗಲೂ ನಂಬಿದ್ದೇನೆಂದು ಹೇಳಲಾರೆ. ಆದರೆ ನಗು ನಿಂತುಹೋಗಿದೆ.

ಕಾಸರಗೋಡಿನ ಹತ್ತಿರ ಶಿರಿಯದಲ್ಲಿ ಮೀನು ಹಿಡಿಯುವ ದೋಣಿಯವರಿಗೆ ಐಸ್ ಕೊಡುವುದು ನನ್ನ ಕಸುಬು. ತಂಗಿ ಅಮಿತಾ ಹಾಗಲ್ಲ, ಓದಿ ಓದಿ ಡಾರ್ಜಿಲಿಂಗ್ ಬೆಟ್ಟಗಳವರೆಗೆ ಹೋದಳು. ಅಲ್ಲಿ ಅವಳ ಕೆಲಸ ಸಾಲಮಾಂಡರ್ ಎಂಬ ಜೀವಿಯ ಬೆನ್ನು ಹತ್ತುವುದು. ಅದು ನೋಡಲು ಹಲ್ಲಿಯ ಹಾಗೆ, ಆದರೆ ಕಪ್ಪೆಯ ಬಳಗಕ್ಕೆ ಸೇರಿದ್ದು. ಊರಿಗೆ ಬಂದಾಗಲೆಲ್ಲ ಫೋನಿನಲ್ಲಿ ಅದರ ಚಿತ್ರ ತೋರಿಸಿ ನನ್ನನ್ನು ಪರೀಕ್ಷೆ ಮಾಡುತ್ತಿದ್ದಳು. ಕಿವಿರು ನೋಡಿ ಬಂಗುಡೆ ಹೊಸತೋ ಹಳತೋ ಹೇಳುವ ಅಣ್ಣನಿಗೆ ಇಷ್ಟೂ ಗೊತ್ತಾಗಬಾರದೇ ಎಂದು ಅವಳ ವಾದ. ಅವಳನ್ನು ಕೆಣಕಲೆಂದೇ ನಾನು ಪ್ರತಿ ಚಿತ್ರಕ್ಕೂ "ಅರಣೆ" ಎನ್ನುತ್ತಿದ್ದೆ. ಹಾವುರಾಣಿಗೆ ನಮ್ಮಲ್ಲಿ ಅರಣೆ ಎನ್ನುತ್ತಾರೆ.

ಅವಳು ಬಿಡುತ್ತಿರಲಿಲ್ಲ. ಅರಣೆಯ ಮೈಮೇಲೆ ಹುರುಪೆ ಉಂಟು, ಬೆರಳಿಗೆ ಉಗುರು ಉಂಟು, ಕಿವಿಯ ತೂತು ಉಂಟು. ಇದಕ್ಕೆ ಈ ಮೂರೂ ಇಲ್ಲ ಎಂದು ಬೆರಳಿಟ್ಟು ತೋರಿಸುತ್ತಿದ್ದಳು. ಮುಂಗಾಲಿಗೆ ನಾಲ್ಕೇ ಬೆರಳು. ಬೆನ್ನ ನಡುವೆ ಒಂದು ಏಣು, ಅದರ ಎರಡೂ ಬದಿಗೆ ಸಾಲಾಗಿ ಗುಳ್ಳೆಗಳು. ಅದರಲ್ಲೂ ಒಳಪಂಗಡಗಳಿವೆಯಂತೆ. ಕೆಲವುಗಳ ಗುಳ್ಳೆ ಕಿತ್ತಳೆ ಬಣ್ಣ. ಅವಳ ಬೆಟ್ಟದ್ದು ಮಾತ್ರ ಮೈಯೆಲ್ಲ ಒಂದೇ ಕಂದು, ಬಾಲದ ಬುಡದಲ್ಲಿ ಎರಡೂ ಕಡೆ ಒಂದೊಂದು ಸಣ್ಣ ತಗ್ಗು. ನಮ್ಮ ದಕ್ಷಿಣದಲ್ಲಿ ಎಲ್ಲಿ ಹುಡುಕಿದರೂ ಈ ಜಾತಿಯ ಒಂದು ಪ್ರಾಣಿಯೂ ಸಿಗುವುದಿಲ್ಲ ಎಂದೂ ಹೇಳಿದ್ದಳು.

ಒಂದು ಮಳೆಗಾಲ ಆ ಬೆಟ್ಟ ಜರಿಯಿತು. ಅವಳಿದ್ದ ಜೀಪು ರಸ್ತೆಯ ಸಮೇತ ಕೆಳಗೆ ಹೋಯಿತು. ನಾನು ಅಲ್ಲಿಗೆ ಹೋಗಿ, ಮಣ್ಣು ತೆಗೆಯುವವರ ಜೊತೆ ನಿಂತು ನಿಂತು ಬರಿಗೈಯಲ್ಲಿ ಬಂದೆ. ದೇಹ ಸಿಗಲಿಲ್ಲ. ಅಮ್ಮ ಒಂದು ಹನಿ ಕಣ್ಣೀರು ಹಾಕಲಿಲ್ಲ. ಮುಖ ನೋಡದೆ ಮಗಳು ಸತ್ತಳೆಂದು ಹೇಗೆ ಒಪ್ಪಲಿ ಎಂದಳು. ಬೊಜ್ಜದ, ಅಂದರೆ ಉತ್ತರಕ್ರಿಯೆಯ ಮಾತು ಎತ್ತಿದವರು ಅಂಗಳದಿಂದಲೇ ವಾಪಸು ಹೋಗಬೇಕಾಯಿತು. ಅಮ್ಮ ನಿದ್ದೆ ಬಿಟ್ಟಳು, ಊಟ ಹೆಸರಿಗೆ ಮಾತ್ರ. ಹೀಗೇ ಹೋದರೆ ಇವಳೂ ಉಳಿಯುವುದಿಲ್ಲ ಎಂದು ನನಗೆ ಹೆದರಿಕೆಯಾಯಿತು.

ವರ್ಷ ಕಳೆದ ಮೇಲೆ ವರ್ಕಾಡಿಯಿಂದ ಮಾವ ಬಂದರು. ಅಮ್ಮನ ಅಣ್ಣ, ಅಮ್ಮ ಕೇಳುವುದಿದ್ದರೆ ಅವರ ಮಾತು ಮಾತ್ರ. ಹದಿನಾರಕ್ಕೆ ಸೇರಿಸುವುದು, ಅಂದರೆ ಸತ್ತವರನ್ನು ಕುಟುಂಬದ ಹಿರಿಯರ ಸಾಲಿಗೆ ಕೂಡಿಸುವುದು ಆಮೇಲೆ ಇರಲಿ, ಮೊದಲು ಒಂದು ಎಲೆ ಹಾಕಿ ಕರೆಯುವ ಎಂದರು. ಅಮ್ಮ ಒಂದು ಷರತ್ತಿನ ಮೇಲೆ ಒಪ್ಪಿದಳು. ತನ್ನ ಮಗಳದ್ದೇ ಎನ್ನುವ ಗುರುತು ಸಿಗಬೇಕು. ಸಿಗದಿದ್ದರೆ ಅವಳು ಎಲ್ಲೋ ಬದುಕಿದ್ದಾಳೆ, ಮತ್ತೆ ಯಾರೂ ಈ ವಿಷಯ ಎತ್ತಬಾರದು.

ಮುಸ್ಸಂಜೆ ದೀಪ ಹಚ್ಚಿ, ಅಮಿತಾಳಿಗೆ ಪ್ರಾಣವಾಗಿದ್ದ ಮರುವಾಯಿ ಸುಕ್ಕ, ಅಂದರೆ ಚಿಪ್ಪುಮೀನಿನ ಒಣಪಲ್ಯ, ಮತ್ತು ಅಕ್ಕಿಯ ಪುಂಡಿ ಕಡುಬು ಬಡಿಸಿದೆವು. ಲೋಟದಲ್ಲಿ ನೀರು ಇಟ್ಟು ಮಾವ ಬಾಗಿಲು ಎಳೆದರು. ಹೊರಗೆ ಕುಳಿತದ್ದು ನಾವು ಮೂವರೇ. ಹೊಳೆಯ ಕಡೆಯಿಂದ ಯಾರದ್ದೋ ದೋಣಿಯ ಇಂಜಿನ್ ಸದ್ದು ಬರುತ್ತಿತ್ತು. ಬೇಗ ಮುಗಿದರೆ ಸಾಕೆಂದು ನಾನು ಕಾಯುತ್ತಿದ್ದೆ.

ಮಾವ ಬಾಗಿಲು ತೆರೆದರು. ಬಡಿಸಿದ್ದು ಯಾವುದೂ ಕದಲಿರಲಿಲ್ಲ. ಎಲೆಯ ಬದಿಯಲ್ಲಿ, ನೀರಿನ ಲೋಟಕ್ಕೆ ತಾಗಿ ಕಂದು ಬಣ್ಣದ್ದೊಂದು ಕುಳಿತಿತ್ತು. ಅರಣೆ ಬಂದು ಕೂತಿದೆ, ಹೊರಗೆ ಹಾಕು ಎಂದು ಮಾವ ನನಗೆ ಹೇಳಿದರು. ನಾನು ಬಗ್ಗಿದೆ. ಹಿಂದಿನಿಂದ ಅಮ್ಮನ ಸ್ವರ ಕೇಳಿತು. ಅವಳು ಹೇಳಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಅರಣೆಯಾ ಅದು? ಸರಿ ನೋಡಿ ಹೇಳು ಮಗಾ. ನಿನಗೆ ಅವಳು ಕಲಿಸಿದ್ದಾಳಲ್ಲ."

ದೀಪ ಹತ್ತಿರ ತಂದು ನೋಡಿದೆ. ಹುರುಪೆ ಇರಲಿಲ್ಲ, ಮೈ ಒದ್ದೆಯಾಗಿ, ಒರಟಾಗಿತ್ತು. ಬೆರಳಿಗೆ ಉಗುರಿಲ್ಲ, ಮುಂಗಾಲಿನಲ್ಲಿ ನಾಲ್ಕೇ. ಕಿವಿಯ ತೂತಿಲ್ಲ. ಬೆನ್ನ ಏಣಿನ ಆಚೆ ಈಚೆ ಗುಳ್ಳೆಗಳ ಸಾಲು, ಮೈಯದೇ ಕಂದು ಬಣ್ಣ. ಬಾಲದ ಬುಡ ನೋಡಲು ನನಗೆ ಧೈರ್ಯ ಬರಲಿಲ್ಲ. ಆದರೂ ನೋಡಿದೆ. ಎರಡೂ ಕಡೆ ತಗ್ಗಿತ್ತು.

ಓದುಗರೇ, ಆಗ ನನ್ನ ಅವಸ್ಥೆ ಏನಾಗಿರಬೇಕು ನೀವೇ ಯೋಚಿಸಿ. ಅರಣೆ ಎಂದುಬಿಟ್ಟರೆ ಅಮ್ಮನ ಪಾಲಿಗೆ ತಂಗಿ ಬದುಕಿರುತ್ತಾಳೆ, ಅಮ್ಮ ಕಾದು ಕಾದು ಸವೆಯುತ್ತಾಳೆ. ಅಲ್ಲ ಎಂದರೆ ತಂಗಿಯನ್ನು ನನ್ನ ಬಾಯಿಂದಲೇ ಮಣ್ಣು ಮಾಡಿದ ಹಾಗೆ. ಮಾವ ನನ್ನ ಮುಖವನ್ನೇ ನೋಡುತ್ತಿದ್ದರು.

"ಅರಣೆ ಅಲ್ಲ ಅಮ್ಮ," ಎಂದೆ. "ಅವಳದ್ದೇ."

ಕ್ರಮದ ಪ್ರಕಾರ ಅಂಗಿ ತೆಗೆದಿಟ್ಟು ಒಳಗೆ ಹೋಗಿದ್ದೆ. ಫೋನು ಅಂಗಿಯ ಕಿಸೆಯಲ್ಲೇ ಉಳಿದಿತ್ತು. ಚಿತ್ರ ತೆಗೆಯೋಣವೆಂದು ಅದನ್ನು ತರಲು ಏಳುವಷ್ಟರಲ್ಲಿ ಆ ಜೀವಿ ಎಲೆಯಿಂದ ಇಳಿದು, ಯಾವ ಅವಸರವೂ ಇಲ್ಲದೆ ಗೋಡೆಯ ಬುಡಕ್ಕೆ ನಡೆದು, ನೀರು ಹೋಗುವ ತೂತಿನಲ್ಲಿ ಇಳಿದುಹೋಯಿತು. ಆಮೇಲೆ ಚರಂಡಿಯನ್ನೆಲ್ಲ ಕೆದಕಿದೆ. ಏನೂ ಸಿಗಲಿಲ್ಲ.

ಅಮ್ಮ ಎಲೆಯ ಎದುರು ಕುಳಿತು, ವರ್ಷದಿಂದ ಹಿಡಿದಿಟ್ಟಿದ್ದನ್ನೆಲ್ಲ ಅತ್ತಳು. ನಾನೂ ಅತ್ತೆ. ಕೊನೆಗೆ ಸೆರಗಿನಲ್ಲಿ ಮುಖ ಒರೆಸಿ, "ಹಾಗಾದರೆ ಇನ್ನು ಅವಳ ಫೋನಿಗೆ ರೀಚಾರ್ಜ್ ಮಾಡಿಸುವುದು ಬೇಡ," ಎಂದಳು. ತಿಂಗಳು ತಿಂಗಳೂ ಹಾಗೆ ಮಾಡಿಸುತ್ತಿದ್ದಳೆಂದು ನನಗೆ ತಿಳಿದದ್ದೇ ಆಗ. ಎಲ್ಲಿಂದಾದರೂ ಮನೆಗೆ ಫೋನ್ ಮಾಡಲು ಹೊರಟರೆ ದುಡ್ಡಿಲ್ಲದೆ ನಿಂತುಹೋಗಬಾರದಲ್ಲ ಎಂದಳು.

ಯಾರಾದರೂ ಸಾಕಲು ತಂದದ್ದು ತಪ್ಪಿಸಿಕೊಂಡಿರಬಹುದೆಂದು ಕಾಸರಗೋಡಿನಿಂದ ಮಂಜೇಶ್ವರದವರೆಗೆ ಅಲಂಕಾರಮೀನಿನ ಅಂಗಡಿಗಳಲ್ಲೆಲ್ಲ ವಿಚಾರಿಸಿದೆ. ಅಂಥದ್ದನ್ನು ಕಂಡವರೇ ಇಲ್ಲ. ತಂಗಿಗೆ ಕಲಿಸಿದ ಪ್ರೊಫೆಸರರು ಎಲ್ಲವನ್ನೂ ಕೇಳಿಕೊಂಡು, ಕೋಣೆಯಲ್ಲಿ ಬೆಳಕು ಕಡಿಮೆ ಇತ್ತೇ ಎಂದು ಮರ್ಯಾದೆಯಿಂದ ಕೇಳಿದರು. ಕಡಿಮೆಯೇ ಇತ್ತು. ಕಂಡದ್ದು ಕಣ್ಣಿಗೋ ಸಂಕಟಕ್ಕೋ, ನನಗೆ ಗೊತ್ತಿಲ್ಲ. ಅಮಿತಾಳನ್ನು ಹದಿನಾರಕ್ಕೆ ಸೇರಿಸಿದೆವು. ಅಮ್ಮ ಈಗ ಊಟ ಮಾಡುತ್ತಾಳೆ, ನಿದ್ದೆಯೂ ಮಾಡುತ್ತಾಳೆ. ಆ ನಂಬರು ಬೇರೆ ಯಾರ ಪಾಲಿಗೋ ಹೋಗಿರಬೇಕು. ಅದು ನನ್ನ ಫೋನಿನಲ್ಲಿ ಇನ್ನೂ ತಂಗಿಯ ಹೆಸರಿನಲ್ಲೇ ಇದೆ. ಒಮ್ಮೆ ಒತ್ತಿ ನೋಡುವ ಧೈರ್ಯ ನನಗೆ ಇದುವರೆಗೆ ಬಂದಿಲ್ಲ.